ಬಾಗಿದ ಕಾರಿನಲ್ಲೇ ಯುರೋಪ್ ದಾಟಿದ ಡೊನಾಲ್ಡ್ ಹೀಲಿ

ನೆಲ್ಯಹುದಿಕೇರಿ: ಕುಶಾಲನಗರದ ಕಡೆಯಿಂದ ಗುಡ್ಡೆಹೊಸೂರು ದಾಟಿ ನೆಲ್ಯಹುದಿಕೇರಿಗೆ, ಅಲ್ಲಿಂದ ಕಾವೇರಿ ಸೇತುವೆ ದಾಟಿ ಸಿದ್ದಾಪುರಕ್ಕೆ ಸಾಗುವ ರಸ್ತೆಯಲ್ಲಿ ಮಳೆಗಾಲದ ಮುಂಜಾನೆ ವಾಹನ ಓಡಿಸಿದವರಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಎರಡೂ ಬದಿಗೆ ಕಾಫಿ ತೋಟ, ತಲೆಯ ಮೇಲೆ ತೊಟ್ಟಿಕ್ಕುವ ಮರಗಳು, ಎದುರಿಗೆ ಮಂಜು, ಚಕ್ರದಡಿಯಲ್ಲಿ ಕೆಸರು, ಯಾವ ತಿರುವಿನಲ್ಲಿ ಕಾಡಾನೆ ನಿಂತಿದೆಯೋ ಎಂಬ ಅಳುಕು. ಇಂತಹ ದಾರಿಯಲ್ಲಿ ವೇಗದ ಲೆಕ್ಕ ಯಾರೂ ಕೇಳುವುದಿಲ್ಲ. ಊರು ಸೇರಿದೆಯೇ ಎಂದಷ್ಟೇ ಕೇಳುತ್ತಾರೆ.

ಊರು ಸೇರುವ ಈ ವಿದ್ಯೆಯನ್ನು ಯುರೋಪಿನ ಹಿಮಾವೃತ ರಸ್ತೆಗಳಲ್ಲಿ ಕಲಿತು, ಕಲಿತದ್ದನ್ನು ತಾವೇ ರೂಪಿಸಿದ ಕಾರುಗಳಿಗೆ ಧಾರೆಯೆರೆದವರು ಇಂಗ್ಲೆಂಡಿನ ಡೊನಾಲ್ಡ್ ಮಿಚೆಲ್ ಹೀಲಿ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಆಲ್ಪ್ಸ್ ಪರ್ವತ ದಾಟಿ ಮೆಡಿಟರೇನಿಯನ್ ಕಡಲ ತೀರಕ್ಕೆ ಹೋಗಿಬರುವುದು ಇಂದು ಅನೇಕ ಹವ್ಯಾಸಿಗಳ ಪಾಲಿಗೆ ಸುಖದ ವಿಹಾರ. ಹಾಗೆ ಹೊರಡುವ ಕಾರುಗಳಲ್ಲಿ ಹೀಲಿ ಅವರ ಹೆಸರು ಹೊತ್ತವು ಈಗಲೂ ಕಾಣಸಿಗುತ್ತವೆ. ಆದರೆ ಆ ಹೆಸರಿನ ಮನುಷ್ಯ ಅದೇ ದಾರಿಯಲ್ಲಿ ಸಾಗಿದ ಕಾಲದಲ್ಲಿ ಅದು ವಿಹಾರವಾಗಿರಲಿಲ್ಲ.

ಕಡಲೂರಿನ ಗ್ಯಾರೇಜು

ಹೀಲಿ ಹುಟ್ಟಿದ್ದು 1898ರ ಜುಲೈ 3ರಂದು, ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಪ್ರಾಂತ್ಯದ ಪೆರನ್‌ಪೋರ್ತ್ ಎಂಬ ಕಡಲ ತೀರದ ಸಣ್ಣ ಊರಿನಲ್ಲಿ. ಯಂತ್ರಗಳ ಗೀಳು ಚಿಕ್ಕಂದಿನಿಂದಲೇ ಹತ್ತಿತ್ತು. ಹದಿಹರೆಯದಲ್ಲಿ ಸಾಪ್‌ವಿತ್ ವಿಮಾನ ಕಾರ್ಖಾನೆಗೆ ತರಬೇತಿಗೆ ಸೇರಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿತ್ತು. 1916ರಲ್ಲಿ ಅವರು ರಾಯಲ್ ಫ್ಲೈಯಿಂಗ್ ಕೋರ್ ಸೇರಿ ವಿಮಾನ ಚಾಲಕರಾದರು.

ಯುದ್ಧ ಅವರಿಗೆ ಕಲಿಸಿದ ಮೊದಲ ಪಾಠವೇ ವಿಚಿತ್ರವಾದದ್ದು. ರಾತ್ರಿ ಹಾರಾಟವೊಂದರಲ್ಲಿ ಅವರ ವಿಮಾನವನ್ನು ಹೊಡೆದುರುಳಿಸಿದ್ದು ಶತ್ರುಗಳಲ್ಲ, ಸ್ವಂತ ದೇಶದ ವಿಮಾನ ನಿರೋಧಕ ಫಿರಂಗಿಗಳು. ಆ ನಂತರವೂ ಕೆಲವು ಅಪಘಾತಗಳಾದವು. 1917ರ ಕೊನೆಯಲ್ಲಿ ಸೇನೆ ಅವರನ್ನು ಅನಾರೋಗ್ಯದ ಕಾರಣಕ್ಕೆ ಬಿಡುಗಡೆ ಮಾಡಿತು. ಉಳಿದ ಯುದ್ಧಕಾಲವನ್ನು ಅವರು ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಕಳೆದರು. ಯಾವ ಲೋಹದ ತುಂಡು ಎಲ್ಲಿ ಸೀಳುತ್ತದೆ, ಯಾವುದು ಭಾರ ತಾಳುತ್ತದೆ ಎಂದು ಕಣ್ಣಳತೆಯಲ್ಲೇ ಗುರುತಿಸುವ ಅಭ್ಯಾಸ ಬೆಳೆದದ್ದು ಅಂತಹ ಕೆಲಸದಲ್ಲಿ.

ಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಹೀಲಿ ಅಂಚೆಯ ಮೂಲಕ ಮೋಟಾರು ತಾಂತ್ರಿಕ ಶಿಕ್ಷಣ ಪಡೆದರು. 1920ರಲ್ಲಿ ಪೆರನ್‌ಪೋರ್ತ್‌ನ ಮೊದಲ ಗ್ಯಾರೇಜನ್ನು ತೆರೆದರು. ಮರುವರ್ಷ ಮದುವೆಯಾಯಿತು, ಮುಂದೆ ಮೂವರು ಗಂಡುಮಕ್ಕಳಾದರು. ಗ್ಯಾರೇಜು ಸಂಸಾರ ಸಾಗಿಸುವಷ್ಟು ನಡೆಯುತ್ತಿತ್ತು. ಆದರೆ ಮಾಲೀಕರ ಗಮನ ಗಿರಾಕಿಗಳ ಕಾರಿಗಿಂತ ತಮ್ಮ ಸ್ಪರ್ಧೆಯ ಕಾರಿನ ಮೇಲೆಯೇ ಹೆಚ್ಚಾಗಿರುತ್ತಿತ್ತು. ಸುತ್ತಲಿನ ಗುಡ್ಡದ ದಾರಿಗಳಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಪಳಗಿದ ಅವರ ಕಣ್ಣು ಕ್ರಮೇಣ ಇಂಗ್ಲಿಷ್ ಕಾಲುವೆಯ ಆಚೆ ದಡದತ್ತ ಹೊರಳಿತು.

ಮಾಂಟೆಕಾರ್ಲೋ ಎಂಬ ಪರೀಕ್ಷೆ

ಮಾಂಟೆಕಾರ್ಲೋ ರ‍್ಯಾಲಿ ಆರಂಭವಾದದ್ದು 1911ರಲ್ಲಿ. ಚಳಿಗಾಲದಲ್ಲಿ ಮೊನಾಕೊ ಸಂಸ್ಥಾನಕ್ಕೆ ಪ್ರವಾಸಿಗರನ್ನು ಸೆಳೆಯುವುದು ಅದರ ಮೂಲ ಉದ್ದೇಶ. ಸ್ಪರ್ಧಿಗಳೆಲ್ಲ ಒಂದೇ ಸ್ಥಳದಿಂದ ಹೊರಡಬೇಕೆಂಬ ನಿಯಮವಿರಲಿಲ್ಲ. ಯುರೋಪಿನ ಬೇರೆ ಬೇರೆ ಮೂಲೆಗಳಿಂದ ಹೊರಟು ನಿಗದಿತ ವೇಳೆಯೊಳಗೆ ಮಾಂಟೆಕಾರ್ಲೋ ತಲುಪಬೇಕು. ಎಷ್ಟು ದೂರದ, ಎಷ್ಟು ಕಠಿಣವಾದ ಸ್ಥಳದಿಂದ ಹೊರಟರೆ ಅಷ್ಟು ಹೆಚ್ಚು ಅಂಕ. ಗೆಲ್ಲಬೇಕೆಂದವರು ಆದ್ದರಿಂದ ಹಿಮ ದಟ್ಟವಾಗಿರುವ ಉತ್ತರದ ಊರುಗಳನ್ನೇ ಆರಿಸಿಕೊಳ್ಳುತ್ತಿದ್ದರು. ಜನವರಿಯ ಚಳಿಯಲ್ಲಿ ಹಗಲೂ ರಾತ್ರಿಯೂ ಓಡಬೇಕು. ಕಾರಿನೊಳಗೆ ಬಿಸಿಗಾಳಿಯ ಯಂತ್ರ ಅಂದು ಅಪರೂಪ. ನಿದ್ದೆ ಎಂದರೆ ಜೊತೆಗಾರ ಚಕ್ರ ಹಿಡಿದಾಗ ಸಿಕ್ಕಷ್ಟೇ.

ಹೀಲಿ ಮೊದಲು ಭಾಗವಹಿಸಿದ್ದು 1929ರಲ್ಲಿ, ಟ್ರಯಂಫ್ ಕಂಪನಿಯ ಸೂಪರ್ ಸೆವೆನ್ ಎಂಬ ಪುಟ್ಟ ಕಾರಿನಲ್ಲಿ. ಬರ್ಲಿನ್‌ನಿಂದ ಹೊರಟ ಅವರು ಭಾರೀ ಹಿಮದಲ್ಲಿ ಸಿಲುಕಿ ವೇಳೆ ಮೀರಿ ತಲುಪಿದರು. ಮರುವರ್ಷ ಅದೇ ಬಗೆಯ ಕಾರಿನಲ್ಲಿ ಎಸ್ಟೋನಿಯಾದ ಟಾಲಿನ್‌ನಿಂದ ಹೊರಟು ಏಳನೆಯ ಸ್ಥಾನ ಪಡೆದರು. ದೊಡ್ಡ ಎಂಜಿನ್ನಿನ ಕಾರುಗಳ ನಡುವೆ ಒಂದು ಲೀಟರಿಗೂ ಕಡಿಮೆ ಸಾಮರ್ಥ್ಯದ ಕಾರು ಈ ಸ್ಥಾನ ಗಳಿಸಿದ್ದು ಮೋಟಾರು ವಲಯದ ಗಮನ ಸೆಳೆಯಿತು. ಮುಂದಿನ ವರ್ಷ ಅವರಿಗೆ ದೊಡ್ಡ ಕಾರೇ ದೊರೆಯಿತು. ಅದರ ಹೆಸರು ಇನ್‌ವಿಕ್ಟಾ.

ಹಿಮದ ಮೇಲೆ ಇನ್‌ವಿಕ್ಟಾ

ಇನ್‌ವಿಕ್ಟಾ ಭಾರತಕ್ಕೆ ತೀರಾ ಅಪರಿಚಿತವಾದ ಕಾರೇನಲ್ಲ. ಕಂಪನಿಯ ಸ್ಥಾಪಕ ನೋಯೆಲ್ ಮ್ಯಾಕ್ಲಿನ್ ಅವರ ಪತ್ನಿಯ ಸಹೋದರಿ ವಯೊಲೆಟ್ ಕಾರ್ಡರಿ 1927ರಲ್ಲಿ ಇನ್‌ವಿಕ್ಟಾ ಕಾರಿನಲ್ಲಿ ಐದು ಖಂಡಗಳನ್ನು ಸುತ್ತಿದಾಗ ಭಾರತವೂ ಆ ದಾರಿಯಲ್ಲಿತ್ತು. ಹತ್ತು ಸಾವಿರ ಮೈಲಿಗೂ ಹೆಚ್ಚಿನ ಆ ಪಯಣವನ್ನು ಆಕೆ ಐದು ತಿಂಗಳಲ್ಲಿ ಮುಗಿಸಿದ್ದರು.

1931ರಲ್ಲಿ ಹೀಲಿ ಏರಿದ್ದು ಇದೇ ಕಂಪನಿಯ ನಾಲ್ಕೂವರೆ ಲೀಟರಿನ, ಆರು ಸಿಲಿಂಡರಿನ ಎಸ್ ಮಾದರಿಯನ್ನು. ಚೌಕಟ್ಟು ಹಿಂದಿನ ಆಕ್ಸಲಿನ ಕೆಳಗಿನಿಂದ ಹಾದುಹೋಗುತ್ತಿದ್ದುದರಿಂದ ಕಾರು ನೆಲಕ್ಕೆ ಬಹಳ ತಗ್ಗಾಗಿತ್ತು. ನೋಡಲು ಸುಂದರ, ಶಕ್ತಿಯಲ್ಲಿ ಧಾರಾಳ. ಆದರೆ ಜಾರುವ ನೆಲದಲ್ಲಿ ಅದನ್ನು ನಂಬುವುದು ಕಷ್ಟ ಎಂಬ ಅಪಖ್ಯಾತಿಯೂ ಮುಂದೆ ಅಂಟಿಕೊಂಡಿತು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದಲ್ಲಿ ನುರಿತ ಚಾಲಕ ಎಸ್.ಸಿ.ಎಚ್. ಡೇವಿಸ್ ಇದೇ ಮಾದರಿಯ ಕಾರಿನಲ್ಲಿ ಅಪಘಾತಕ್ಕೀಡಾಗಿ ತೀವ್ರವಾಗಿ ಗಾಯಗೊಂಡರು. ಅಂತಹ ಕಾರನ್ನು ಹೀಲಿ ನಾರ್ವೆಯ ಸ್ಟವಾಂಗರ್‌ನಿಂದ ಹಿಮದ ಮೇಲೆ ಹೊರಡಿಸಿದರು.

ಪಯಣ ಆರಂಭವಾಗಿ ಹೆಚ್ಚು ದೂರ ಸಾಗಿರಲಿಲ್ಲ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಕಾರು ಜಾರಿ ತಂತಿ ಕಂಬಕ್ಕೆ ಬಡಿಯಿತು. ಹಿಂದಿನ ಆಕ್ಸಲ್ ತನ್ನ ಸ್ಥಾನದಿಂದ ಸರಿದುಹೋಯಿತು. ಬ್ರೇಕಿನ ವ್ಯವಸ್ಥೆಯೂ ಕೆಟ್ಟಿತು. ಹಿಂದಿನ ಎರಡು ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದನ್ನೇ ಬಿಟ್ಟವು. ಇನ್ನೂ ಸ್ವೀಡನ್, ಡೆನ್ಮಾರ್ಕ್ ದಾಟಬೇಕು, ನಡುವೆ ಕಡಲನ್ನು ಹಡಗಿನಲ್ಲಿ ಹಾಯಬೇಕು, ಆಮೇಲೆ ಖಂಡದ ಉದ್ದಕ್ಕೂ ಇಳಿದು ಫ್ರಾನ್ಸಿನ ದಕ್ಷಿಣ ತುದಿಗೆ ಬರಬೇಕು. ಅಲ್ಲಿಗೇ ಕೈಚೆಲ್ಲಿದ್ದರೂ ಯಾರೂ ತಪ್ಪೆಣಿಸುತ್ತಿರಲಿಲ್ಲ.

ಹೀಲಿ ಹಿಂದಿರುಗಲಿಲ್ಲ. ದಾರಿಯಲ್ಲಿ ಮಾಡಬಹುದಾದಷ್ಟು ರಿಪೇರಿ ಮಾಡಿ, ಉಳಿದದ್ದಕ್ಕೆ ತಮ್ಮ ಕೈಯನ್ನೇ ಒಗ್ಗಿಸಿಕೊಂಡು ಮುಂದುವರಿದರು. ಓರೆಯಾಗಿ ಸಾಗುವ ಕಾರನ್ನು ನೇರವಾಗಿ ನಡೆಸಬೇಕಾದರೆ ಸ್ಟಿಯರಿಂಗನ್ನು ಸದಾ ಒಂದು ಕಡೆಗೆ ಎಳೆದು ಹಿಡಿದಿರಬೇಕು. ಬ್ರೇಕಿನ ಮೇಲೆ ಭರವಸೆ ಇಲ್ಲದವನು ತಿರುವನ್ನು ಬಹು ಮುಂಚೆಯೇ ಊಹಿಸಬೇಕು, ಗೇರು ಇಳಿಸಿ ವೇಗ ತಗ್ಗಿಸಬೇಕು. ಘಟ್ಟದ ರಸ್ತೆಯಲ್ಲಿ ಬ್ರೇಕು ಬಿಸಿಯಾದ ಲಾರಿಯನ್ನು ಇಳಿಸುವ ಚಾಲಕ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಹೀಲಿ ಅದನ್ನು ಹಿಮದ ಮೇಲೆ, ನಿದ್ದೆಗೆಟ್ಟು, ಗಡಿಯಾರದ ಜೊತೆ ಸೆಣಸುತ್ತ ಮಾಡಬೇಕಾಯಿತು.

ಬಾಗಿದ ಇನ್‌ವಿಕ್ಟಾ ವೇಳೆಗೆ ಸರಿಯಾಗಿ ಮಾಂಟೆಕಾರ್ಲೋ ತಲುಪಿತು. ಅಲ್ಲಿನ ಅಂತಿಮ ಪರೀಕ್ಷೆಗಳಲ್ಲೂ ಉತ್ತೀರ್ಣವಾಯಿತು. ಲೆಕ್ಕ ಹಾಕಿ ನೋಡಿದಾಗ ಇಡೀ ರ‍್ಯಾಲಿಯನ್ನೇ ಅದು ಗೆದ್ದಿತ್ತು. 1926ರಲ್ಲಿ ಎ.ಸಿ. ಕಾರು ಗೆದ್ದ ನಂತರ ಬ್ರಿಟಿಷ್ ಕಾರಿಗೆ ಈ ಗೌರವ ದೊರೆತದ್ದು ಆಗಲೇ. ಕಡಲೂರಿನ ಗ್ಯಾರೇಜು ಮಾಲೀಕನ ಹೆಸರು ಯುರೋಪಿನಾದ್ಯಂತ ಕೇಳಿಬರತೊಡಗಿತು. 1932ರಲ್ಲಿ ಮತ್ತೆ ಇನ್‌ವಿಕ್ಟಾದಲ್ಲಿಯೇ ಅವರು ಎರಡನೆಯವರಾದರು.

ರೈಲಿಗೆ ಸಿಕ್ಕ ಡಾಲಮೈಟ್

ಕೀರ್ತಿಯ ಹಿಂದೆಯೇ ಉದ್ಯೋಗ ಬಂತು. ಗ್ಯಾರೇಜನ್ನು ಮಾರಿ ಹೀಲಿ ಇಂಗ್ಲೆಂಡಿನ ಮಧ್ಯಭಾಗದ ಕಾರ್ಖಾನೆಗಳತ್ತ ಹೊರಟರು. ಸ್ವಲ್ಪ ಕಾಲ ರೈಲಿ ಕಂಪನಿಯಲ್ಲಿದ್ದು ಟ್ರಯಂಫ್ ಸೇರಿದರು. ಬೇಗನೆ ಅಲ್ಲಿ ತಾಂತ್ರಿಕ ನಿರ್ದೇಶಕರಾದರು. ಅವರು ಉಳಿದ ವಿನ್ಯಾಸಕಾರರಿಗಿಂತ ಬೇರೆಯಾಗಿ ನಿಂತದ್ದು ಇಲ್ಲಿಯೇ. ತಾವು ರೂಪಿಸಿದ ಕಾರನ್ನು ತಾವೇ ಚಳಿಗಾಲದ ಯುರೋಪಿಗೆ ಒಯ್ದು ಪರೀಕ್ಷಿಸುತ್ತಿದ್ದರು. 1934ರಲ್ಲಿ ಟ್ರಯಂಫ್ ಗ್ಲೋರಿಯಾದಲ್ಲಿ ಮಾಂಟೆಕಾರ್ಲೋದ ಮೂರನೆಯ ಸ್ಥಾನ ಅವರದಾಯಿತು.

ಆಮೇಲೆ ಬಂದದ್ದು ಡಾಲಮೈಟ್. ಇಟಲಿಯ ಆಲ್ಫಾ ರೋಮಿಯೊ ಕಾರಿನ ಮಾದರಿಯನ್ನೇ ಹತ್ತಿರದಿಂದ ಅನುಸರಿಸಿದ, ಎಂಟು ಸಿಲಿಂಡರಿನ ದುಬಾರಿ ಕಾರು ಅದು. ಬೆರಳೆಣಿಕೆಯಷ್ಟೇ ತಯಾರಾದವು. 1935ರ ಮಾಂಟೆಕಾರ್ಲೋ ರ‍್ಯಾಲಿಗೆ ಹೀಲಿ ಸ್ವೀಡನ್ನಿನ ಉಮಿಯೊದಿಂದ ಇದೇ ಕಾರಿನಲ್ಲಿ ಹೊರಟರು. ಡೆನ್ಮಾರ್ಕಿನಲ್ಲಿ ದಟ್ಟ ಮಂಜು ಕವಿದಿತ್ತು. ರೈಲ್ವೆ ಲೆವೆಲ್ ಕ್ರಾಸಿಂಗ್ ಒಂದನ್ನು ದಾಟುವಾಗ ರೈಲು ಬಂದು ಕಾರಿಗೆ ಅಪ್ಪಳಿಸಿತು. ಕಾರು ನುಚ್ಚುನೂರಾಯಿತು. ಹೀಲಿ ಮತ್ತು ಜೊತೆಗಾರ ಬದುಕುಳಿದದ್ದು ಪವಾಡವೆಂದೇ ಎಲ್ಲರೂ ಭಾವಿಸಿದರು.

ಮರುವರ್ಷ ಅವರು ಮತ್ತೊಂದು ಡಾಲಮೈಟ್‌ನಲ್ಲಿ ಅದೇ ರ‍್ಯಾಲಿಗೆ ಹೊರಟು ಎಂಟನೆಯವರಾಗಿ ಮುಗಿಸಿದರು. ಆದರೆ ಟ್ರಯಂಫ್ ಕಂಪನಿ ಮಾತ್ರ ಹಣಕಾಸಿನ ಮುಗ್ಗಟ್ಟಿನಿಂದ ಹೊರಬರಲಿಲ್ಲ. 1939ರಲ್ಲಿ ಅದು ದಿವಾಳಿಯಾಯಿತು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಹೀಲಿ ವಿಮಾನದ ಕಾರ್ಬುರೇಟರುಗಳ ತಯಾರಿಕೆಯಲ್ಲಿ, ಬಳಿಕ ಹಂಬರ್ ಕಂಪನಿಯ ಕವಚ ವಾಹನಗಳ ಕೆಲಸದಲ್ಲಿ ತೊಡಗಿಕೊಂಡರು. ಬಿಡುವಿನ ವೇಳೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಸೇರಿ ಯುದ್ಧಾನಂತರದ ಸ್ಪೋರ್ಟ್ಸ್ ಕಾರಿನ ನಕ್ಷೆ ಬರೆಯುತ್ತಿದ್ದರು.

ಸ್ವಂತ ಹೆಸರಿನ ಕಾರು

ಆ ನಕ್ಷೆ 1945ರಲ್ಲಿ ಕಂಪನಿಯಾಯಿತು. ವಾರ್ವಿಕ್ ಪಟ್ಟಣದಲ್ಲಿ ವಾಯುಪಡೆಯ ಹಳೆಯ ಶೆಡ್ಡಿನಲ್ಲಿ ಡೊನಾಲ್ಡ್ ಹೀಲಿ ಮೋಟಾರ್ ಕಂಪನಿ ಆರಂಭವಾದಾಗ ಅವರಿಗೆ 47 ವರ್ಷ. ಉಕ್ಕು ದುರ್ಲಭ, ಪೆಟ್ರೋಲಿಗೆ ಪಡಿತರ. ಎಂಜಿನ್ನನ್ನು ರೈಲಿ ಕಂಪನಿಯಿಂದ ಪಡೆದು, ಹಗುರವಾದ ಚೌಕಟ್ಟನ್ನು ತಾವೇ ಕಟ್ಟಿ ಅವರು ಕಾರು ಹೊರತಂದರು. ಅವರ ಮುಚ್ಚಿದ ಮಾದರಿಯಾದ ಹೀಲಿ ಎಲಿಯಟ್ ಇಟಲಿಯ ಹೆದ್ದಾರಿಯಲ್ಲಿ ನಡೆದ ಪರೀಕ್ಷೆಯಲ್ಲಿ ಗಂಟೆಗೆ 160 ಕಿ.ಮೀ.ಗೂ ಹೆಚ್ಚು ವೇಗ ತೋರಿ, ಆ ವರ್ಗದಲ್ಲಿ ಜಗತ್ತಿನ ಅತಿ ವೇಗದ ಕಾರುಗಳಲ್ಲೊಂದು ಎನಿಸಿತು.

ರಸ್ತೆಯೇ ಪರೀಕ್ಷಕ ಎಂಬ ಹಳೆಯ ಪದ್ಧತಿಯನ್ನು ಕಂಪನಿಯ ಯಜಮಾನರಾದ ಮೇಲೂ ಅವರು ಬಿಡಲಿಲ್ಲ. 1948ರಲ್ಲಿ ಇಟಲಿಯ ಸಾವಿರ ಮೈಲಿಗಳ ರಸ್ತೆ ಪಂದ್ಯ ಮಿಲ್ಲೆ ಮಿಲ್ಯಾದಲ್ಲಿ ಐವತ್ತರ ಹೊಸ್ತಿಲಲ್ಲಿದ್ದ ಹೀಲಿ ಹಿರಿಯ ಮಗ ಜೆಫ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮದೇ ಕಾರಿನಲ್ಲಿ ಓಡಿದರು. ತಂದೆ ಮಗ ಇಬ್ಬರೂ ಪಂದ್ಯವನ್ನು ಪೂರ್ತಿಗೊಳಿಸಿದರು. ಮುಂದೆ ಜೆಫ್ರಿಯೇ ಕಂಪನಿಯ ಪ್ರಮುಖ ತಂತ್ರಜ್ಞರಾದರು.

ಅಮೆರಿಕದ ಮಾರುಕಟ್ಟೆ ಅವರಿಗೆ ತೆರೆದುಕೊಂಡದ್ದು ಹಡಗಿನ ಪಯಣವೊಂದರಲ್ಲಿ. ಕ್ವೀನ್ ಎಲಿಜಬೆತ್ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಾಗ ನ್ಯಾಶ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಪರಿಚಯವಾಯಿತು. ಅದರ ಫಲವೇ ನ್ಯಾಶ್ ಹೀಲಿ ಕಾರು. ಆದರೆ ಹೀಲಿ ಅವರ ಮನಸ್ಸಿನಲ್ಲಿದ್ದದ್ದು ಸಾಮಾನ್ಯ ಸಂಬಳದಾರನೂ ಕನಸು ಕಾಣಬಹುದಾದ ಸ್ಪೋರ್ಟ್ಸ್ ಕಾರು.

ಅಂತಹ ಕಾರು 1952ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಆಸ್ಟಿನ್ ಕಂಪನಿಯ 2.6 ಲೀಟರ್ ಎಂಜಿನ್ನಿನ ಅದಕ್ಕೆ ಹೀಲಿ ಹಂಡ್ರೆಡ್ ಎಂದು ಹೆಸರು. ಗಂಟೆಗೆ ನೂರು ಮೈಲಿ ದಾಟುತ್ತದೆಂಬುದೇ ಆ ಹೆಸರಿನ ಅರ್ಥ. ಜನ ಮುಗಿಬಿದ್ದರು. ಅದನ್ನು ಕಂಡ ಆಸ್ಟಿನ್ ಕಂಪನಿಯ ಲೆನಾರ್ಡ್ ಲಾರ್ಡ್ ಕಾರನ್ನು ತಮ್ಮ ಕಾರ್ಖಾನೆಯಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಪ್ರಸ್ತಾಪ ಮುಂದಿಟ್ಟರು. ಸಣ್ಣ ಶೆಡ್ಡಿನಲ್ಲಿ ಆ ಬೇಡಿಕೆ ಪೂರೈಸುವುದು ಹೀಲಿ ಅವರಿಂದ ಸಾಧ್ಯವಿರಲಿಲ್ಲ. ಪ್ರದರ್ಶನ ಮುಗಿಯುವ ಮೊದಲೇ ಕಾರಿನ ಹೆಸರು ಆಸ್ಟಿನ್ ಹೀಲಿ ಎಂದಾಯಿತು. ಕಾರ್ಖಾನೆ ಆಸ್ಟಿನ್ನರದು, ವಿನ್ಯಾಸ ಹೀಲಿ ಅವರದು, ಹೆಸರು ಇಬ್ಬರದು. ಆ ಏರ್ಪಾಡಿನ ಲಾಭ ಕೂಡಲೇ ಕಂಡಿತು. ಅದರ ಬೆಲೆ ತಿಳಿದದ್ದು ಹದಿನೆಂಟು ವರ್ಷಗಳ ನಂತರ.

ಅದೇ ವರ್ಷ ಆಸ್ಟಿನ್ ಮತ್ತು ಮಾರಿಸ್ ಬಳಗಗಳು ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ರಚನೆಯಾಯಿತು. ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಾಡಿದ ಅಂಬಾಸಿಡರ್ ಕಾರಿನ ಮೂಲ ಮಾರಿಸ್ ಆಕ್ಸ್‌ಫರ್ಡ್. ಹಾಗೆ ನೋಡಿದರೆ ಕೊಡಗಿನ ತೋಟದ ರಸ್ತೆಗಳನ್ನು ಸವೆಸಿದ ಅಂಬಾಸಿಡರ್ ಮತ್ತು ಆಲ್ಪ್ಸ್ ಏರಿದ ಆಸ್ಟಿನ್ ಹೀಲಿ ಒಂದೇ ಮನೆತನದ ದಾಯಾದಿಗಳು.

ಲ ಮಾನ್‌ನ ಕರಾಳ ಸಂಜೆ

1955ರ ಜೂನ್ 11. ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ಪಂದ್ಯ ನಡೆಯುತ್ತಿತ್ತು. ಆಸ್ಟಿನ್ ಹೀಲಿ ಕಾರನ್ನು ಓಡಿಸುತ್ತಿದ್ದವರು ಲ್ಯಾನ್ಸ್ ಮ್ಯಾಕ್ಲಿನ್. ಹೀಲಿ ಅವರಿಗೆ 1931ರ ಗೆಲುವು ತಂದುಕೊಟ್ಟ ಇನ್‌ವಿಕ್ಟಾವನ್ನು ಕಟ್ಟಿದ ನೋಯೆಲ್ ಮ್ಯಾಕ್ಲಿನ್ ಅವರ ಮಗ. ಮುಂದಿದ್ದ ಜಾಗ್ವಾರ್ ಕಾರು ಪಿಟ್‌ಗೆ ಹೋಗಲು ವೇಗ ತಗ್ಗಿಸಿದಾಗ ಮ್ಯಾಕ್ಲಿನ್ ಪಕ್ಕಕ್ಕೆ ಸರಿಯಬೇಕಾಯಿತು. ಹಿಂದಿನಿಂದ ಭಾರೀ ವೇಗದಲ್ಲಿ ಬಂದ ಪಿಯರ್ ಲೆವೆ ಅವರ ಮರ್ಸಿಡಿಸ್ ಹೀಲಿ ಕಾರಿನ ಹಿಂಭಾಗಕ್ಕೆ ಬಡಿದು ಮೇಲೆ ಹಾರಿ ಪ್ರೇಕ್ಷಕರ ಬದಿಗೆ ಅಪ್ಪಳಿಸಿತು. ಲೆವೆ ಮತ್ತು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ದುರಂತ ಮತ್ತೊಂದಿಲ್ಲ.

ಫ್ರೆಂಚ್ ಸರ್ಕಾರದ ತನಿಖೆ ಯಾವ ಚಾಲಕನ ಮೇಲೂ ಹೊಣೆ ಹೊರಿಸಲಿಲ್ಲ. ಹಳೆಯ ಕಾಲದ ಕಡಿಮೆ ವೇಗಕ್ಕೆಂದು ರೂಪಿಸಿದ ಪಥವೇ ಹೊಸ ಕಾರುಗಳಿಗೆ ಅಪಾಯಕಾರಿಯಾಗಿತ್ತೆಂದು ತೀರ್ಮಾನಿಸಿತು. ಸ್ವಿಟ್ಜರ್ಲೆಂಡ್ ಪಂದ್ಯಪಥದ ಸ್ಪರ್ಧೆಗಳನ್ನೇ ನಿಷೇಧಿಸಿತು. ವೇಗವನ್ನು ಹೊಗಳುತ್ತಿದ್ದ ಜಗತ್ತು ಅದರ ಬೆಲೆಯನ್ನು ಕಂಡಿತು.

ಹೀಲಿ ಅವರ ಸ್ವಂತ ವೇಗದ ಬಯಕೆ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಈಡೇರಿತು. ಅಲ್ಲಿ ಪ್ರೇಕ್ಷಕರ ಸಾಲಿಲ್ಲ, ಎದುರಿಗೆ ಕಾರಿಲ್ಲ. 1956ರಲ್ಲಿ, 58ನೆಯ ವಯಸ್ಸಿನಲ್ಲಿ, ವಿಶೇಷವಾಗಿ ಸಜ್ಜುಗೊಳಿಸಿದ ಆಸ್ಟಿನ್ ಹೀಲಿಯಲ್ಲಿ ಅವರು ಗಂಟೆಗೆ 200 ಮೈಲಿಯ, ಅಂದರೆ ಸುಮಾರು 322 ಕಿ.ಮೀ.ನ ಗಡಿ ದಾಟಿದರು.

ಕಪ್ಪೆಗಣ್ಣು ಮತ್ತು ಇಬ್ಬರು ಮಹಿಳೆಯರು

ಸಾಮಾನ್ಯನ ಸ್ಪೋರ್ಟ್ಸ್ ಕಾರಿನ ಕನಸು ಕೈಗೂಡಿದ್ದು 1958ರಲ್ಲಿ. 948 ಸಿ.ಸಿ. ಎಂಜಿನ್ನಿನ ಪುಟ್ಟ ಆಸ್ಟಿನ್ ಹೀಲಿ ಸ್ಪ್ರೈಟ್ ಬಿಡುಗಡೆಯಾಯಿತು. ಬಿಡುಗಡೆಗೆ ಆರಿಸಿದ ಸ್ಥಳ ಮಾಂಟೆಕಾರ್ಲೋ. ಬಾನೆಟ್ಟಿನ ಮೇಲೆ ಉಬ್ಬಿ ನಿಂತ ಎರಡು ದೀಪಗಳಿಂದಾಗಿ ಜನ ಅದನ್ನು ಕಪ್ಪೆಗಣ್ಣಿನ ಕಾರು ಎಂದೇ ಕರೆದರು. ಯುವ ದಂಪತಿಗಳು ಎರಡು ಸೂಟ್‌ಕೇಸ್ ತುರುಕಿಕೊಂಡು ಸ್ಪ್ರೈಟ್‌ನಲ್ಲಿ ಯುರೋಪ್ ಸುತ್ತುವ ಕಾಲ ಬಂತು.

ಹೀಲಿ ಅವರ ದೊಡ್ಡ ಕಾರು ದೂರದ ರ‍್ಯಾಲಿಗಳಲ್ಲಿ ತನ್ನ ಗಟ್ಟಿತನ ತೋರಿತು. ನಾಲ್ಕು ದಿನಗಳ ಕಾಲ ಬಹುತೇಕ ವಿಶ್ರಾಂತಿಯೇ ಇಲ್ಲದೆ ಆಲ್ಪ್ಸ್ ಮತ್ತು ಬಾಲ್ಕನ್ ಬೆಟ್ಟಗಳನ್ನು ಸುತ್ತುವ ಲಿಯೇಜ್ ರ‍್ಯಾಲಿಯನ್ನು 1960ರಲ್ಲಿ ಆಸ್ಟಿನ್ ಹೀಲಿ 3000ರಲ್ಲಿ ಗೆದ್ದವರು ಪ್ಯಾಟ್ ಮಾಸ್ ಮತ್ತು ಆನ್ ವಿಸ್‌ಡಮ್ ಎಂಬ ಇಬ್ಬರು ಮಹಿಳೆಯರು. ಅಷ್ಟು ದೊಡ್ಡ ಅಂತಾರಾಷ್ಟ್ರೀಯ ರ‍್ಯಾಲಿಯನ್ನು ಪುರುಷರನ್ನೆಲ್ಲ ಹಿಂದಿಕ್ಕಿ ಮಹಿಳೆಯರು ಗೆದ್ದದ್ದು ಅದೇ ಮೊದಲು. 1964ರಲ್ಲಿ ಅದೇ ಬಗೆಯ ಕಾರಿನಲ್ಲಿ ಫಿನ್‌ಲೆಂಡಿನ ರೌನೊ ಆಲ್ಟೊನೆನ್ ಮತ್ತು ಬ್ರಿಟನ್ನಿನ ಟೋನಿ ಆಂಬ್ರೋಸ್ ಬಲ್ಗೇರಿಯಾದ ಸೋಫಿಯಾವರೆಗೆ ಹೋಗಿಬರುವ ರ‍್ಯಾಲಿಯಲ್ಲಿ ಮೊದಲಿಗರಾದರು.

ಕಾರು ಉಳಿಯಿತು, ಹೆಸರು ಅಳಿಯಿತು

ಅಮೆರಿಕದಲ್ಲಿ ಸುರಕ್ಷತೆ ಮತ್ತು ಹೊಗೆಗೆ ಸಂಬಂಧಿಸಿದ ಹೊಸ ನಿಯಮಗಳು ಬಂದಾಗ ದೊಡ್ಡ ಹೀಲಿ ಕಾರಿನ ಕಾಲ ಮುಗಿಯಿತು. 1967ರ ಕೊನೆಯ ಹೊತ್ತಿಗೆ ತಯಾರಿಕೆ ನಿಂತಿತು. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ರಚನೆಯಾದ ಬಳಿಕ ಹೊಸ ಆಡಳಿತ ಹೊರಗಿನ ವಿನ್ಯಾಸಕಾರರಿಗೆ ಗೌರವಧನ ನೀಡುವ ಒಪ್ಪಂದಗಳನ್ನು ಕೈಬಿಟ್ಟಿತು. ಹೀಲಿ ಅವರ ಒಪ್ಪಂದವೂ ಕೊನೆಗೊಂಡಿತು. 1971ರಲ್ಲಿ ಸ್ಪ್ರೈಟ್ ಕಾರು ಕೆಲವು ತಿಂಗಳು ಆಸ್ಟಿನ್ ಸ್ಪ್ರೈಟ್ ಎಂಬ ಹೆಸರಿನಲ್ಲಿ ಹೊರಬಂತು. ಅದೇ ಕಾರು, ಅದೇ ಕಾರ್ಖಾನೆ. ಬಾನೆಟ್ಟಿನ ಮೇಲಿನ ಹೀಲಿ ಎಂಬ ಪದ ಮಾತ್ರ ಇರಲಿಲ್ಲ. 1952ರ ಒಪ್ಪಂದದ ಬೆಲೆ ಇದು. ಕಾರ್ಖಾನೆ ಯಾರದೋ ಹೆಸರೂ ಅವರ ಕೈಯಲ್ಲೇ.

ಎಪ್ಪತ್ತು ದಾಟಿದ್ದ ಹೀಲಿ ಮತ್ತೊಮ್ಮೆ ಹೊರಟರು. ಜೆನ್ಸನ್ ಕಂಪನಿಯ ಅಧ್ಯಕ್ಷರಾಗಿ 1972ರಲ್ಲಿ ಜೆನ್ಸನ್ ಹೀಲಿ ಕಾರನ್ನು ಹೊರತಂದರು. ಹೊಸ ಎಂಜಿನ್ನಿನ ತೊಂದರೆಗಳು, ಇಂಧನ ಬಿಕ್ಕಟ್ಟು ಎರಡೂ ಅದನ್ನು ಕಾಡಿದವು. 1976ರಲ್ಲಿ ಜೆನ್ಸನ್ ಬಾಗಿಲು ಮುಚ್ಚಿತು. ಈ ನಡುವೆ 1973ರಲ್ಲಿ ಬ್ರಿಟಿಷ್ ಸರ್ಕಾರ ಸಿ.ಬಿ.ಇ. ಗೌರವ ನೀಡಿತು. ಕಾರ್ನ್‌ವಾಲ್‌ಗೆ ಮರಳಿದ ಹೀಲಿ 1988ರ ಜನವರಿಯಲ್ಲಿ, 89ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು.

ಹೀಲಿ ಕಟ್ಟಿದ ಕಂಪನಿಗಳಲ್ಲಿ ಒಂದೂ ದೊಡ್ಡ ಉದ್ದಿಮೆಯಾಗಿ ಬಾಳಲಿಲ್ಲ. ಅವರ ಕಾರುಗಳು ಮಾತ್ರ ಬಾಳಿವೆ. ಅರ್ಧ ಶತಮಾನ ದಾಟಿದ ಆಸ್ಟಿನ್ ಹೀಲಿಗಳು ಪ್ರತಿ ಬೇಸಿಗೆಯಲ್ಲೂ ಇಂಗ್ಲಿಷ್ ಕಾಲುವೆ ದಾಟಿ, ಫ್ರಾನ್ಸಿನ ದ್ರಾಕ್ಷಿ ತೋಟಗಳ ನಡುವೆ ಸಾಗಿ, ಆಲ್ಪ್ಸ್ ಏರಿ, ಕಡಲ ತೀರಕ್ಕೆ ಇಳಿಯುತ್ತವೆ. ಸ್ಟವಾಂಗರ್‌ನ ಹಿಮದಲ್ಲಿ ಕಂಬಕ್ಕೆ ಬಡಿದು ಬಾಗಿದ ಕಾರನ್ನು ಬಿಟ್ಟು ಹಿಂದಿರುಗದ ಚಾಲಕನೊಬ್ಬ ಕಲಿತ ಪಾಠ ಅವುಗಳ ಚೌಕಟ್ಟಿನಲ್ಲಿದೆ. ಅವು ಈಗಲೂ ಹೊರಟ ಊರಿಗೆ ಮರಳಿ ಬರುತ್ತಿವೆ.